ಸಾದರ ಸ್ವೀಕಾರದ ಆಚೆಗೆ

ಹಳೆಯ ಕನ್ನಡ ಮಾಸಪತ್ರಿಕೆ ಕೈಗೆ ಸಿಕ್ಕರೆ ನಾನು ಮೊದಲು ತೆರೆಯುವುದು ಕೊನೆಯ ಪುಟಗಳನ್ನು. ಅಲ್ಲಿ ಸಣ್ಣ ಅಕ್ಷರದಲ್ಲಿ ‘ಸಾದರ ಸ್ವೀಕಾರ’ ಎಂಬ ತಲೆಬರಹ, ಅದರ ಕೆಳಗೆ ಬಂದ ಪುಸ್ತಕಗಳ ಹೆಸರು, ಬರೆದವರು, ಪುಟ, ಬೆಲೆ. ಮರಾಠಿ ಪತ್ರಿಕೆಗಳಲ್ಲಿ ಇದನ್ನೇ ‘ಸಾಭಾರ ಪೋಚ್’ ಎನ್ನುತ್ತಾರೆ. ಠಾಣೆ, ಡೊಂಬಿವಲಿಯಲ್ಲಿ ಎರಡೂ ಭಾಷೆ ಓದಿಕೊಂಡು ಬೆಳೆದ ನಮ್ಮಂಥವರಿಗೆ ಎರಡೂ ಮಾತು ಮನೆಯವೇ. ನಿಮ್ಮ ಪುಸ್ತಕ ತಲುಪಿತು ಎಂಬ ರಸೀದಿ ಅದು. ಆ ರಸೀದಿ ಬೆಳೆದು ವಿಮರ್ಶೆಯಾದದ್ದು ಎರಡು ಮಹಾಯುದ್ಧಗಳ ನಡುವಿನ ಇಪ್ಪತ್ತು ವರ್ಷಗಳಲ್ಲಿ.

ಅದಕ್ಕೆ ಮುಂಚೆ ಪತ್ರಿಕೆಗಳು ಇರಲಿಲ್ಲವೆಂದಲ್ಲ. ಧಾರವಾಡದ ವಿದ್ಯಾವರ್ಧಕ ಸಂಘ 1896ರಲ್ಲೇ ‘ವಾಗ್ಭೂಷಣ’ವನ್ನು ಹೊರಡಿಸಿತ್ತು. 1915ರಲ್ಲಿ ಹುಟ್ಟಿದ ಸಾಹಿತ್ಯ ಪರಿಷತ್ತು ಮರುವರ್ಷವೇ ತನ್ನ ಪತ್ರಿಕೆ ತಂದಿತು. ಆದರೆ ಪರಿಷತ್ಪತ್ರಿಕೆಯ ಒಲವು ಹಳಗನ್ನಡ, ಶಾಸನ, ವ್ಯಾಕರಣಗಳ ಕಡೆಗೆ. ನಿನ್ನೆ ಅಚ್ಚಾದ ಕಥೆಯನ್ನು, ಇನ್ನೂ ಬದುಕಿರುವ ಕವಿಯನ್ನು ತೂಗಿ ನೋಡುವ ಜಾಗ ಬೇರೆಯೇ ಬೇಕಿತ್ತು.

ಆ ಜಾಗ ಸಿಕ್ಕಿದ್ದು 1919ರಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ಎ. ಆರ್. ಕೃಷ್ಣಶಾಸ್ತ್ರಿಗಳು ‘ಪ್ರಬುದ್ಧ ಕರ್ಣಾಟಕ’ವನ್ನು ಆರಂಭಿಸಿದರು. ಸಂಸ್ಕೃತದ ಮೇಷ್ಟ್ರು ಕನ್ನಡದ ತ್ರೈಮಾಸಿಕವೊಂದನ್ನು ಹುಡುಗರ ನಡುವೆ ಕೂತು ಕಟ್ಟಿದರು ಎಂಬುದನ್ನು ನೆನೆದಾಗಲೆಲ್ಲ ನನಗೆ ಕೈಮುಗಿಯಬೇಕು ಅನ್ನಿಸುತ್ತದೆ. ಮುಂದೆ ಅದು ಮೈಸೂರು ವಿಶ್ವವಿದ್ಯಾನಿಲಯದ ಪತ್ರಿಕೆಯಾಯಿತು. ಬಿ. ಎಂ. ಶ್ರೀಕಂಠಯ್ಯನವರ ಹೊಸ ಛಂದಸ್ಸಿನ ಪ್ರಯೋಗ, ಮಾಸ್ತಿಯವರ ಸಣ್ಣಕಥೆ, ಇವಕ್ಕೆಲ್ಲ ಓದುಗರನ್ನು ತಯಾರು ಮಾಡಿದ್ದು ಇಂಥ ಪತ್ರಿಕೆಯೇ. ಪ್ರಾಸ ಬಿಟ್ಟ ಪದ್ಯವನ್ನು ಪದ್ಯವೆಂದು ಒಪ್ಪಿಸಲು ಕವಿಯ ಪಕ್ಕದಲ್ಲಿ ನಿಂತು ಮಾತಾಡುವವರೊಬ್ಬರು ಬೇಕಾಗಿದ್ದ ಕಾಲ ಅದು.

ಹಾಗೆ ಮಾತಾಡಿದವರಲ್ಲಿ ಮಾಸ್ತಿಯವರನ್ನು ನಾನು ಮುಂದೆ ಇಡುತ್ತೇನೆ. ಮೈಸೂರು ಸರ್ಕಾರದ ಅಧಿಕಾರಿ, ಕಥೆಗಾರ, ‘ವಿಮರ್ಶೆ’ ಎಂಬ ಹೆಸರಿನಲ್ಲೇ ಸಂಪುಟಗಳನ್ನು ತಂದವರು. ಪುಸ್ತಕದೊಳಗೆ ಏನಿದೆ ಎಂದು ಓದುಗನಿಗೆ ಸಾವಧಾನವಾಗಿ ಹೇಳಿ, ಚೆನ್ನಾಗಿರುವುದನ್ನು ಎತ್ತಿ ತೋರಿಸಿ, ಒಪ್ಪದ್ದನ್ನು ತಗ್ಗಿದ ದನಿಯಲ್ಲಿ ಹೇಳುವುದು ಅವರ ರೀತಿ. ಪಾಂಡಿತ್ಯ ಇದ್ದರೂ ಅದನ್ನು ಓದುಗನ ತಲೆಯ ಮೇಲೆ ಹೇರಲಿಲ್ಲ.

ಇತ್ತ ನಮ್ಮ ಮುಂಬಯಿ ಪ್ರಾಂತದ ಧಾರವಾಡದಲ್ಲಿ 1922ರಲ್ಲಿ ಆಲೂರು ವೆಂಕಟರಾಯರ ‘ಜಯಕರ್ನಾಟಕ’ ಹೊರಬಂತು. ಅದೇ ವರ್ಷ ಲಂಡನ್ನಿನಲ್ಲಿ ಟಿ. ಎಸ್. ಎಲಿಯಟ್ ‘ಕ್ರೈಟೀರಿಯನ್’ ಪತ್ರಿಕೆ ಶುರುಮಾಡಿದ. ಅಲ್ಲಿಯ ಚಿಂತೆ ಯುದ್ಧದಲ್ಲಿ ಚೂರಾದ ಒಂದು ನಾಗರಿಕತೆಯದು. ಧಾರವಾಡದ ಚಿಂತೆ ಹರಿದು ಹಂಚಿಹೋದ ಒಂದು ನಾಡಿನದು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಮುಂಬಯಿ ಪ್ರಾಂತದಲ್ಲಿ. ಮಂಗಳೂರು, ಬಳ್ಳಾರಿ ಮದರಾಸಿನಲ್ಲಿ. ಕಲಬುರಗಿ, ರಾಯಚೂರು ನಿಜಾಮನ ಕೈಯಲ್ಲಿ. ಮೈಸೂರು, ಕೊಡಗು ಬೇರೆ ಬೇರೆ. ಒಂದು ಕಡೆಯ ಪುಸ್ತಕ ಇನ್ನೊಂದು ಕಡೆಯ ಅಂಗಡಿಗೆ ಬರುವುದೇ ಕಷ್ಟ. ಟಪಾಲಿನಲ್ಲಿ ಬರುವ ಪತ್ರಿಕೆ, ಅದರ ಹಿಂಬದಿಯ ವಿಮರ್ಶೆ, ಆಮೇಲೆ ವಿ.ಪಿ.ಯಲ್ಲಿ, ಅಂದರೆ ಕೈಗೆ ಬಂದಾಗ ಹಣ ಕೊಡುವ ಅಂಚೆಯಲ್ಲಿ, ತರಿಸಿಕೊಂಡ ಪುಸ್ತಕ: ಕನ್ನಡ ಒಂದಾದ ಮೊದಲ ದಾರಿ ಇದು ಎಂದು ನಾನು ನಂಬಿದ್ದೇನೆ. ರಾಜ್ಯ ಒಂದಾಗಿದ್ದು 1956ರಲ್ಲಿ. ಮೈಸೂರಿನ ಓದುಗ ಧಾರವಾಡದ ಆಡುಮಾತಿನ ಪದ್ಯಕ್ಕೆ ಕಿವಿಗೊಟ್ಟದ್ದು ಅದಕ್ಕೆ ಎಷ್ಟೋ ಮುಂಚೆ.

ಧಾರವಾಡಕ್ಕೆ ಮರಾಠಿಯ ನೆರೆ ದೊಡ್ಡ ಪಾಠ. 1895ರಿಂದ ನಡೆದ ‘ಮನೋರಂಜನ’ 1909ರಲ್ಲಿ ದೀಪಾವಳಿ ವಿಶೇಷಾಂಕದ ಪರಂಪರೆ ಹಾಕಿಕೊಟ್ಟಿತ್ತು. ‘ವಿವಿಧಜ್ಞಾನವಿಸ್ತಾರ’ 1867ರಿಂದ 1937ರವರೆಗೆ ಎಪ್ಪತ್ತು ವರ್ಷ ಬಾಳಿತು. 1864ರ ಕಲ್ಯಾಣದ ಸಾರ್ವಜನಿಕ ವಾಚನಾಲಯ, 1893ರ ಠಾಣೆಯ ಮರಾಠಿ ಗ್ರಂಥ ಸಂಗ್ರಹಾಲಯ ಇಂಥ ಪತ್ರಿಕೆಗಳ ಬೆನ್ನಿಗಿದ್ದ ಓದುಗರ ಬಲ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ ಬಂದ ಬೇಂದ್ರೆ ಈ ಲೋಕವನ್ನು ಹತ್ತಿರದಿಂದ ಬಲ್ಲವರು. ಪುಣೆಯಲ್ಲಿ ಮರಾಠಿ ಕವಿಗಳ ರವಿಕಿರಣ ಮಂಡಳ ಕೂಡುತ್ತಿದ್ದ ದಿನಗಳಲ್ಲೇ ಧಾರವಾಡದಲ್ಲಿ ಗೆಳೆಯರ ಗುಂಪು ಕಲೆಯಿತು: ಶಂಬಾ ಜೋಶಿ, ಗೋಕಾಕ, ಮುಗಳಿ, ಬೆಟಗೇರಿ ಕೃಷ್ಣಶರ್ಮ. ಕೃಷ್ಣಶರ್ಮರು ‘ಜಯಕರ್ನಾಟಕ’ದ ಸಂಪಾದಕರಾಗಿ ದುಡಿದರು, ಆಮೇಲೆ ‘ಜಯಂತಿ’ಯನ್ನು ನಡೆಸಿದರು.

ಒಂದು ಮಾತನ್ನು ಮುಚ್ಚಿಡಬಾರದು. ಬರೆಯುವವರು, ಸಂಪಾದಿಸುವವರು, ವಿಮರ್ಶಿಸುವವರು, ಚಂದಾ ಕೇಳಿಕೊಂಡು ಊರೂರು ತಿರುಗುವವರು ಎಲ್ಲ ಅದೇ ಹತ್ತಿಪ್ಪತ್ತು ಜನ. ಗೆಳೆಯನ ಮೊದಲ ಸಂಕಲನವನ್ನು ಗೆಳೆಯನೇ ಅಳೆಯಬೇಕು. ಹಾಗಾಗಿ ವಿಮರ್ಶೆ ಬಹುಪಾಲು ರಸಗ್ರಹಣವಾಯಿತು, ನಿಷ್ಠುರ ಮಾತು ಕಡಿಮೆಯಾಯಿತು. ಇದು ಕೊರತೆಯೇ. ಕೇಂಬ್ರಿಜ್‌ನ ವಿಮರ್ಶಾ ಪತ್ರಿಕೆ ‘ಸ್ಕ್ರೂಟಿನಿ’ 1932ರಿಂದ ತೋರಿಸಿದ ಬಿರುಸು ನಮ್ಮಲ್ಲಿ ಆಗ ಕಾಣುವುದಿಲ್ಲ. ಆದರೆ 1930ರ ‘ಕೊಳಲು’, 1932ರ ‘ಗರಿ’, 1933ರ ‘ಚೋಮನ ದುಡಿ’ ಹೀಗೆ ಸಾಲಾಗಿ ಬರುತ್ತಿದ್ದ ಕಾಲದಲ್ಲಿ ಮೊದಲು ಬೇಕಾದದ್ದು ಅವನ್ನು ಓದಲು ಕಲಿಸುವ ಕೈ. ಅದು ಸಿಕ್ಕಿತು.

ಬೇರೆ ಊರುಗಳಲ್ಲೂ ಪತ್ರಿಕೆಯ ಕೆಲಸ ನಡೆದಿತ್ತು. ಮಂಗಳೂರಿನಲ್ಲಿ ಕಡೆಂಗೋಡ್ಲು ಶಂಕರಭಟ್ಟರು ‘ರಾಷ್ಟ್ರಬಂಧು’ ವಾರಪತ್ರಿಕೆಯನ್ನು ನಡೆಸುತ್ತಲೇ ಕವಿತೆ ಬರೆದರು. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮ 1921ರಲ್ಲಿ ‘ಸರಸ್ವತಿ’ ಶುರುಮಾಡಿ ದಶಕಗಳ ಕಾಲ ನಡೆಸಿದರು. ಸಾಹಿತ್ಯ ಚರಿತ್ರೆಗಳಲ್ಲಿ ಈ ಪತ್ರಿಕೆಗೆ ಸಿಗುವುದು ಒಂದೆರಡು ಸಾಲು. ಅದಕ್ಕೆ ಒಂದು ಅಧ್ಯಾಯವೇ ಸಲ್ಲಬೇಕು.

1933ರಲ್ಲಿ ಜಿ. ಬಿ. ಜೋಶಿಯವರ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನಂಬಿ ಧಾರವಾಡದಲ್ಲಿ ಹೊರಟಿತು. ಅದೇ ವರ್ಷ ಮುಂಬಯಿಯಲ್ಲಿ ಕರ್ನಾಟಕ ಸಂಘ ಹುಟ್ಟಿತು. ಎರಡು ವರ್ಷ ಕಳೆದು, 1935ರಲ್ಲಿ, ಎನ್. ಎಸ್. ಸುಬ್ಬರಾಯರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ಮುಂಬಯಿಗೇ ಬಂತು. ಪತ್ರಿಕೆಯ ಪುಟದಲ್ಲಿ ಮಾತ್ರ ಕಂಡ ಹೆಸರುಗಳು ಎದುರಿಗೆ ಬಂದು ನಿಂತಾಗ ಇಲ್ಲಿಯ ಓದುಗರಿಗೆ ಹೇಗನಿಸಿರಬೇಕು!

ಈಗ ಡೊಂಬಿವಲಿಯಲ್ಲಾಗಲಿ, ವಾಶಿಯಲ್ಲಾಗಲಿ ಕನ್ನಡ ಪುಸ್ತಕ ಬಿಡುಗಡೆಯಾದರೆ ಶಾಲು, ಹಾರ, ಮರುದಿನದ ಫೋಟೋ ಇರುತ್ತವೆ. ಪುಸ್ತಕವನ್ನು ಓದಿ ಬರೆದ ಪುಟ ಇರುವುದಿಲ್ಲ. ಇದು ನನ್ನನ್ನು ಕಾಡುತ್ತದೆ. ಹೋದ ವರ್ಷ ನಮ್ಮ ಬಳಗದವರೊಬ್ಬರ ಕವನ ಸಂಕಲನಕ್ಕೆ ನಾನು ಮೂರು ಪುಟ ಬರೆದೆ. ಹಿಡಿಸದ ನಾಲ್ಕು ಪದ್ಯಗಳನ್ನೂ ಹೆಸರಿಸಿದೆ. ಕವಿ ಹದಿನೈದು ದಿನ ಮಾತಾಡಲಿಲ್ಲ. ಆಮೇಲೆ ಒಂದು ರಾತ್ರಿ ಫೋನು ಬಂತು: “ಮೂರು ಪದ್ಯದ ವಿಷಯ ಒಪ್ಪಿದೆ ಸರ್. ನಾಲ್ಕನೆಯದು ಮಾತ್ರ ಇಲ್ಲ. ಭಾನುವಾರ ಮನೆಗೆ ಬರ್ತೀನಿ, ಇಬ್ಬರೂ ಕೂತು ಇನ್ನೊಮ್ಮೆ ಓದೋಣ.”