ಆಮ್ಲದ ಬಲವೂ ಸಾರವೂ: ಕನ್ನಡ ಶಾಸ್ತ್ರಪರಿಭಾಷೆಯಲ್ಲಿ ಒಂದು ವಿಚಾರ

ಕನ್ನಡದಲ್ಲಿ ಪ್ರಕೃತಿಶಾಸ್ತ್ರಗಳನ್ನು ಬರೆಯಲು ಸಾಧ್ಯವೇ ಎಂಬ ಸಂದೇಹಕ್ಕೆ ವಾದದಿಂದಲ್ಲದೆ ಕಾರ್ಯದಿಂದ ಉತ್ತರಕೊಟ್ಟವರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಅಗ್ರಗಣ್ಯರು. ಕರ್ಣಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯ ಪರವಾಗಿ ಬೆಂಗಳೂರಿನಲ್ಲಿ ಅವರು ೧೯೧೮ರಲ್ಲಿ ಆರಂಭಿಸಿದ ‘ವಿಜ್ಞಾನ’ ಪತ್ರಿಕೆಯು ಎರಡು ವರ್ಷ ಮಾತ್ರ ಬಾಳಿತು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ವೆಂಕಟನಾರಣಪ್ಪನವರೇ ಮುಂದೆ ಪಂಪಭಾರತವನ್ನು ಸಂಪಾದಿಸಿದರೆಂಬುದನ್ನು ನೆನೆದರೆ, ಶಾಸ್ತ್ರಕ್ಕೂ ಭಾಷೆಗೂ ಆ ಕಾಲದಲ್ಲಿದ್ದ ನಂಟು ತಿಳಿದೀತು. ಅದೇ ಕೆಲಸವನ್ನು ೧೯೭೮ರಲ್ಲಿ ಮೊದಲಾದ ‘ಬಾಲವಿಜ್ಞಾನ’ವು ಮಕ್ಕಳಿಗಾಗಿ ಮುಂದುವರಿಸಿತು. ಅದರ ಸಂಪಾದಕರಾಗಿದ್ದ ಜೆ. ಆರ್. ಲಕ್ಷ್ಮಣರಾಯರು ರಸಾಯನಶಾಸ್ತ್ರದ ಅಧ್ಯಾಪಕರು. ಆ ಪತ್ರಿಕೆಯನ್ನು ಹೊರಡಿಸುತ್ತ ಬಂದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ವಿಜ್ಞಾನ ಭವನ’ವು ಬನಶಂಕರಿಯ ಎರಡನೆಯ ಹಂತದಲ್ಲಿದೆ.

ಇಷ್ಟು ಪರಿಶ್ರಮವಾದ ಮೇಲೂ ಪರಿಭಾಷೆಯಲ್ಲಿ ಉಳಿದುಕೊಂಡಿರುವ ಒಂದು ತೊಡಕನ್ನು ಇಲ್ಲಿ ಪರ್ಯಾಲೋಚಿಸುತ್ತೇವೆ. ‘ಪ್ರಬಲ ಆಮ್ಲ’ವೆಂಬ ಮಾತು ನಮ್ಮ ಪಾಠಪುಸ್ತಕಗಳಲ್ಲಿ ಎರಡು ಅರ್ಥಗಳಲ್ಲಿ ಸಲ್ಲುತ್ತಿದೆ. ನೀರಿನಲ್ಲಿ ಪೂರ್ಣವಾಗಿ ಅಯಾನುಗಳಾಗಿ ಒಡೆಯುವ ಸ್ವಭಾವದ ಆಮ್ಲವೆಂಬುದೊಂದು. ನೀರು ಕಡಮೆಯಿದ್ದು ಆಮ್ಲವು ಹೆಚ್ಚಾಗಿರುವ ದ್ರಾವಣವೆಂಬುದು ಇನ್ನೊಂದು. ಮೊದಲನೆಯದು ಬಲದ ಮಾತು, ಎರಡನೆಯದು ಸಾರದ ಮಾತು. ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಎಷ್ಟು ನೀರು ಬೆರಸಿದರೂ ಅದರ ಬಲವು ಹೋಗದು. ಅಸಿಟಿಕ್ ಆಮ್ಲವನ್ನು ಎಷ್ಟು ಸಾರವಾಗಿಸಿದರೂ ಅದು ದುರ್ಬಲವೇ.

ಸತುವಿನ ಪ್ರಯೋಗದಿಂದ ಈ ಭೇದವು ಸ್ಪಷ್ಟವಾಗುತ್ತದೆ. ೬೫.೪ ಗ್ರಾಂ ಸತುವು ಸಾರಗುಂದಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿದಾಗ ಜಲಜನಕವು ಹೊರಟು, ಸುಮಾರು ೧೫೪ ಕಿಲೋಜೂಲ್ ಶಾಖವು ಹುಟ್ಟುತ್ತದೆ. ಆಮ್ಲವು ಸಾಕಷ್ಟಿದ್ದು ಲೋಹವೆಲ್ಲ ಕರಗುವುದಾದರೆ, ಸಾರವನ್ನು ಇಮ್ಮಡಿಸಿದರೂ ಶಾಖದ ಮೊತ್ತವು ಹೆಚ್ಚುಕಡಮೆ ಅಷ್ಟೇ. ವೇಗವು ಮಾತ್ರ ಹೆಚ್ಚುತ್ತದೆ. ಲೋಹವೇ ಮಿಕ್ಕುಳಿಯುವಷ್ಟಿದ್ದರೆ, ಅದೇ ಪರಿಮಾಣದ ದ್ರಾವಣದ ಸಾರವನ್ನು ಇಮ್ಮಡಿಸಿದಾಗ ಶಾಖವೂ ಇಮ್ಮಡಿಸುತ್ತದೆ. ಏಕೆಂದರೆ ಅಲ್ಲಿ ಆಮ್ಲದ ಮೊತ್ತವೇ ಇಮ್ಮಡಿಯಾಗಿದೆ. ಗಂಧಕಾಮ್ಲವನ್ನು ಅತಿಸಾರವಾಗಿಸಿದರಂತೂ ಜಲಜನಕಕ್ಕೆ ಬದಲಾಗಿ ಗಂಧಕದ ಡೈಆಕ್ಸೈಡು ಹೊರಡುತ್ತದೆ. ಅದು ಬೇರೆಯೇ ಕ್ರಿಯೆ, ಅದರ ಶಾಖವೂ ಬೇರೆ.

‘ಪ್ರಬಲವಾದಷ್ಟೂ ಶಾಖವು ಹೆಚ್ಚು’ ಎಂದು ವಿದ್ಯಾರ್ಥಿಯು ಬರೆದರೆ ಅವನು ಬಲವನ್ನು ಹೇಳಿದನೋ, ಸಾರವನ್ನು ಹೇಳಿದನೋ? ತಪ್ಪು ಅವನ ಬುದ್ಧಿಯದಲ್ಲ, ನಾವು ಕೊಟ್ಟ ಶಬ್ದದ್ದು.

‘ಉಷ್ಣತೆ’ಯೆಂಬ ಶಬ್ದಕ್ಕೂ ಇದೇ ಗತಿ. ಶಾಸ್ತ್ರದಲ್ಲಿ ಅದು ತಾಪಮಾನ, ಲೋಕದಲ್ಲಿ ಶಾಖ. ೦.೬೫ ಗ್ರಾಂ ಸತುವಿನಿಂದ ಹುಟ್ಟುವ ಸುಮಾರು ೧.೫ ಕಿಲೋಜೂಲ್ ಶಾಖವು ನೂರು ಮಿಲಿಲೀಟರ್ ದ್ರಾವಣವನ್ನು ಸುಮಾರು ೩.೭ ಡಿಗ್ರಿ ಏರಿಸಿದರೆ, ಐವತ್ತು ಮಿಲಿಲೀಟರನ್ನು ಅದರ ಇಮ್ಮಡಿಯಷ್ಟು ಏರಿಸುತ್ತದೆ. ಶಾಖವೊಂದೇ, ತಾಪಗಳು ಎರಡು. ಸಾರವಾದ ಆಮ್ಲವನ್ನು ಕೊಂಚವೇ ತೆಗೆದುಕೊಂಡು ಉಷ್ಣಮಾಪಕವನ್ನು ಮಾತ್ರ ನೋಡಿದವನು ಶಾಖವೇ ಹೆಚ್ಚಿತೆಂದು ಭ್ರಮಿಸುವುದು ಸಹಜ.

ಪರಿಹಾರವೇನು? ‘ಸಾಂದ್ರ’ವೆನ್ನೋಣವೆಂದರೆ ‘ಸಾಂದ್ರತೆ’ಯು ಬೇರೊಂದು ಗುಣಕ್ಕೆ ಈಗಾಗಲೇ ಸಂದಿದೆ. ‘ಸಾರರಿಕ್ತ’ವು ರೂಢಿಯಲ್ಲಿದ್ದರೂ ರಿಕ್ತವೆಂದರೆ ಬರಿದು, ನೀರು ಬೆರಸಿದ ಆಮ್ಲವು ಬರಿದಾದುದಲ್ಲ. ಆದರೂ ರೂಢಿಯು ಬಲವತ್ತರವಾದುದರಿಂದ ಅದನ್ನು ಉಳಿಸಿಕೊಂಡು, ಅದಕ್ಕೆ ಎದುರಾಗಿ ‘ಸಾರಯುಕ್ತ’ವೆಂಬುದನ್ನೇ ನಿಯಮದಿಂದ ಬಳಸಬಹುದು. ‘ಪ್ರಬಲ’ ‘ದುರ್ಬಲ’ಗಳು ಸ್ವಭಾವಕ್ಕೆ ಮಾತ್ರ ಮೀಸಲಾಗಲಿ, ‘ಶಾಖ’ವು ಮೊತ್ತಕ್ಕೆ, ‘ತಾಪ’ವು ಮಟ್ಟಕ್ಕೆ ನಿಲ್ಲಲಿ. ಒಂದು ಶಬ್ದಕ್ಕೆ ಒಂದೇ ಅರ್ಥವೆಂಬ ಕಟ್ಟು ಕಾವ್ಯಕ್ಕೆ ಬಂಧನವಾದೀತು. ಶಾಸ್ತ್ರಕ್ಕೆ ಅದೇ ಆಧಾರ. ಹೊಸ ಶಬ್ದಗಳನ್ನು ಟಂಕಿಸುವುದಕ್ಕಿಂತ ಇರುವ ಶಬ್ದಗಳ ಎಲ್ಲೆಯನ್ನು ಗುರುತಿಸುವ ಈ ಕಾರ್ಯದಲ್ಲಿ ಭಾಷಾವಿದರೂ ಶಾಸ್ತ್ರಜ್ಞರೂ ಜತೆಗೂಡಬೇಕೆಂದು ವಿಜ್ಞಾಪಿಸುತ್ತೇವೆ.