ಯಾವ ಸಾಲಿಂದು? ಯಾವ ವರ್ಸದ್ದು?

ಗುಬ್ಬಿ ಕಡೆಯ ರೈತರೊಬ್ಬರು ಬರ ಪರಿಹಾರ ವಿಚಾರಿಸಲು ಕಚೇರಿಯೊಂದರ ಕಿಟಕಿ ಮುಂದೆ ನಿಂತಿದ್ದರು. ಒಳಗಿನಿಂದ ‘ಯಾವ ಸಾಲಿಂದು?’ ಅಂತ ಪ್ರಶ್ನೆ ಬಂತು. ‘ಮಳೆ ಕೈಕೊಟ್ಟ ವರ್ಸದ್ದು ಸ್ವಾಮಿ’ ಎಂದರು ಅವರು. ಸುದ್ದಿಗೆ ಹೋಗಿದ್ದ ನಾನು ಆ ಎರಡು ಪದ ಹಿಡಿದುಕೊಂಡು ವಾಪಸು ಬಂದೆ.

ವರ್ಷ ಎಂದರೆ ಮೊದಲಿಗೆ ಮಳೆಯೇ. ಸಂಸ್ಕೃತದ ‘ವೃಷ್’ ಧಾತುವಿಗೆ ಸುರಿಯುವುದು ಎಂದರ್ಥ. ವೃಷ್ಟಿಯೂ ಅಲ್ಲಿಂದಲೇ ಬಂದದ್ದು. ಮಳೆಯ ಹೆಸರು ಮಳೆಗಾಲಕ್ಕಾಯಿತು, ಆಮೇಲೆ ಒಂದು ಮಳೆಗಾಲದಿಂದ ಇನ್ನೊಂದರವರೆಗಿನ ಅವಧಿಗೂ ಆಯಿತು. ಋಗ್ವೇದದವರು ಆಯಸ್ಸನ್ನು ಶರತ್ಕಾಲಗಳಲ್ಲಿ, ಚಳಿಗಾಲಗಳಲ್ಲಿ ಎಣಿಸುತ್ತಿದ್ದರು. ಮಳೆಯಲ್ಲಿ ಎಣಿಸುವುದು ನಮ್ಮಂಥ ಬಯಲುಸೀಮೆಗೆ ಹೆಚ್ಚು ಒಪ್ಪುತ್ತದೆ ಎಂದು ನನ್ನ ಅನಿಸಿಕೆ. ಕನ್ನಡಕ್ಕೆ ಬಂದು ಅದು ವರುಷ, ಬರಿಸ ಆಯಿತು. ನಮ್ಮೂರ ಬಾಯಲ್ಲಿ ವರ್ಸ. ತಮಿಳಿನ ಆಂಡು, ತೆಲುಗಿನ ಏಡು ಬೇರೆ ಬೇರಿನವು. ಹಳೇ ಅರ್ಥ ಇನ್ನೂ ಸತ್ತಿಲ್ಲ: 2017ರಲ್ಲಿ ರಾಜ್ಯ ಸರ್ಕಾರ ಮೋಡ ಬಿತ್ತನೆಗೆ ಇಟ್ಟ ಹೆಸರು ‘ವರ್ಷಧಾರೆ’.

ಬಿ.ಎಲ್. ರೈಸ್ 1904ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12ನೇ ಸಂಪುಟ ತುಮಕೂರು ಜಿಲ್ಲೆಯ ಶಾಸನಗಳದ್ದು. ಶಾಸನದ ಕಾಲ ಹೇಳುವಾಗ ಶಕವರ್ಷದ ಸಂಖ್ಯೆ, ಪಕ್ಕದಲ್ಲಿ ಸಂವತ್ಸರದ ಹೆಸರು ಬರುವುದು ರೂಢಿ. ಸಂಖ್ಯೆಗೆ 78 ಕೂಡಿಸಿದರೆ ಹೆಚ್ಚುಕಡಿಮೆ ಇಸವಿ ಸಿಗುತ್ತದೆ. ಬರೀ ಹೆಸರಿದ್ದರೆ ಕಷ್ಟ. ಪ್ರಭವದಿಂದ ಅಕ್ಷಯದವರೆಗೆ 60 ಮುಗಿದ ಮೇಲೆ ಮತ್ತೆ ಪ್ರಭವ.

ಇನ್ನು ಕಿಟಕಿಯೊಳಗಿನ ‘ಸಾಲು’. ಅದು ಪಾರಸಿಯ ‘ಸಾಲ್’, ಅಂದರೆ ವರ್ಷ. ಕಂದಾಯದ ಕಾಗದಗಳ ಜೊತೆ ಬಂದು ಇಲ್ಲೇ ಉಳಿಯಿತು. ನೇಗಿಲ ಸಾಲು ಬೇರೆ, ಅಚ್ಚ ಕನ್ನಡದ್ದು. ರೈತರಿಗೆ ಮೊದಲು ನೆನಪಾಗುವುದು ಅದೇ ಇರಬೇಕು.

ಕಚೇರಿಯ ಸಾಲು ಏಪ್ರಿಲ್ 1ಕ್ಕೆ ಹುಟ್ಟುತ್ತದೆ. ಊರಿನ ವರ್ಸ ಯುಗಾದಿಗೆ. ಅಂದು ಹೊನ್ನಾರು ಹೂಡಿ, ಮಾರನೇ ದಿನ ವರ್ಸದ ತೊಡಕು. ಕುಣಿಗಲ್ ಕಡೆ ಬಾಡೂಟವಿಲ್ಲದೆ ಅದು ಮುಗಿಯುವುದಿಲ್ಲ.

2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಕೇಂದ್ರ 3,454 ಕೋಟಿ ರೂಪಾಯಿ ಕೊಟ್ಟದ್ದು 2024ರ ಏಪ್ರಿಲ್ ಕೊನೆಗೆ. ಅಷ್ಟರಲ್ಲಿ ಸಾಲೂ ಬದಲಾಗಿತ್ತು, ಯುಗಾದಿಯೂ ಕಳೆದಿತ್ತು.

ಕಿಟಕಿಯೊಳಗಿನವರು ಕೊನೆಗೆ ‘23-24’ ಎಂದು ಬರೆದುಕೊಂಡರು. ‘ಅದೇನೋ ನೀವೇ ನೋಡಿ ಸ್ವಾಮಿ, ರಾಗಿ ಒಣಗಿದ್ದು ಮಾತ್ರ ಆ ವರ್ಸವೇ’ ಎಂದು ರೈತರು ಪಾಸ್‌ಬುಕ್ ಮಡಿಸಿ ಜೇಬಿಗಿಟ್ಟುಕೊಂಡರು.