ಹೈದರಾಬಾದಿನ ದಖನಿ ವಿಡಂಬನೆ

ಹೈದರಾಬಾದ್ ನಗರದಲ್ಲೂ ಹಿಂದಿನ ನಿಜಾಂ ಸಂಸ್ಥಾನದ ಜಿಲ್ಲೆಗಳಲ್ಲೂ ದಖನಿ ಉರ್ದುವಿನಲ್ಲಿ ಬೆಳೆದುಬಂದ ಹಾಸ್ಯ, ವ್ಯಂಗ್ಯ, ಅಣಕಗಳ ಪರಂಪರೆ. ಮುಶಾಯಿರಾ ಎಂಬ ಕವಿಗೋಷ್ಠಿ, ಪತ್ರಿಕೆಯ ಅಂಕಣ, ನಾಟಕ, ಸಿನಿಮಾ ಇದರ ಮುಖ್ಯ ನೆಲೆಗಳು. ಕಲಬುರಗಿ, ಬೀದರ್, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಈ ಪರಂಪರೆಯ ಇಬ್ಬರು ಪ್ರಮುಖರಾದ ಸುಲೇಮಾನ್ ಖತೀಬ್ ಮತ್ತು ಮುಜ್ತಬಾ ಹುಸೇನ್ ಆ ಸೀಮೆಯವರೇ.

ನಗೆಯ ಬಗೆಗಳು

ಉರ್ದುವಿನಲ್ಲಿ ಈ ಬಗೆಯ ಸಾಹಿತ್ಯಕ್ಕೆ 'ತಂಜ್-ಒ-ಮಿಜಾಹ್' ಎಂಬ ಜೋಡಿ ಹೆಸರಿದೆ. ಮಿಜಾಹ್ ಎಂದರೆ ಯಾರನ್ನೂ ನೋಯಿಸದ ತಿಳಿಹಾಸ್ಯ. ತಂಜ್‌ಗೆ ಮೊನೆಯಿದೆ, ಸಮಾಜದ ಓರೆಕೋರೆಗಳನ್ನು ಎತ್ತಿ ತೋರಿಸುವುದು ಅದರ ಕೆಲಸ. ಇಂಗ್ಲಿಷಿನ ಸಟೈರ್, ಕನ್ನಡದ ವಿಡಂಬನೆ ಇದಕ್ಕೆ ಹತ್ತಿರ. ಒಬ್ಬ ವ್ಯಕ್ತಿಯನ್ನೇ ಗುರಿಯಿಟ್ಟು ಹಳಿಯುವ ಪದ್ಯ ಹಜ್ವ್. ಇದು ಹೊಗಳಿಕೆಯ ಪದ್ಯವಾದ ಕಸೀದಾಕ್ಕೆ ತೀರ ಎದುರು, ಇಂಗ್ಲಿಷಿನ ಲ್ಯಾಂಪೂನ್‌ಗೆ ಸಮೀಪ. ಪ್ರಸಿದ್ಧ ಪದ್ಯವೊಂದರ ಧಾಟಿ ಹಿಡಿದು ಬರೆದ ಅಣಕವಾಡು ತಹ್ರೀಫ್. ಎದುರಿಗಿರುವವನ ವೇಷ, ರೂಪ ನೋಡಿ ತಟ್ಟನೆ ಹಾರಿಸುವ ಚಟಾಕಿ ಫಬ್ತಿ. ತಾನಾ ಎಂಬುದು ಮೂದಲಿಕೆ. ಸರ್ಕಾಸಂನ ಕಹಿ ಅದರಲ್ಲಿದೆ, ನಗು ಇರಲೇಬೇಕೆಂದಿಲ್ಲ. ಹೈದರಾಬಾದಿನ ಲೇಖಕರು ಇವೆಲ್ಲವನ್ನೂ ಬಳಸಿದರೂ ಅವರ ವೈಶಿಷ್ಟ್ಯ ತಮ್ಮನ್ನೇ ಗೇಲಿ ಮಾಡಿಕೊಳ್ಳುವುದರಲ್ಲಿದೆ.

ಹಿನ್ನೆಲೆ

ಬಿಜಾಪುರ, ಗೋಲ್ಕೊಂಡಗಳ ಆಸ್ಥಾನಗಳಲ್ಲಿ ದಖನಿ ಕಾವ್ಯಭಾಷೆಯಾಗಿತ್ತು. 1591ರಲ್ಲಿ ಹೈದರಾಬಾದನ್ನು ಕಟ್ಟಿಸಿದ ಮುಹಮ್ಮದ್ ಕುಲಿ ಕುತುಬ್ ಷಾ ಸ್ವತಃ ದಖನಿ ಕವಿ. ಹದಿನೇಳನೆಯ ಶತಮಾನದ ಬಿಜಾಪುರದ ಕವಿ ಹಾಶ್ಮಿ ಹೆಂಗಸರ ಆಡುಮಾತಿನಲ್ಲಿ, ಅವರದೇ ದನಿಯಲ್ಲಿ ಗಜಲ್ ಬರೆದ. ಔರಂಗಜೇಬ 1686ರಲ್ಲಿ ಬಿಜಾಪುರವನ್ನೂ 1687ರಲ್ಲಿ ಗೋಲ್ಕೊಂಡವನ್ನೂ ಗೆದ್ದ ಮೇಲೆ ಕಾವ್ಯದ ಕೇಂದ್ರ ಉತ್ತರಕ್ಕೆ ಸರಿಯಿತು. ದಿಲ್ಲಿ, ಲಖನೌಗಳ ಉರ್ದು ಶಿಷ್ಟವೆನಿಸಿತು, ದಖನಿ ಹಳ್ಳಿಗರ ಮಾತಾಯಿತು.

ಹಾಗಾಗಿ ಮೊದಲಿಗೆ ನಗೆಗೀಡಾದದ್ದು ದಖನಿಯೇ. ಬೇಡ ಎನ್ನಲು ಮರಾಠಿಯ ಸೋಂಕಿರುವ 'ನಕ್ಕೋ', ಹೌದು ಎನ್ನಲು 'ಹೌ', ಬಹುವಚನಕ್ಕೆ 'ಲೋಗಾಂ', 'ಬಾತಾಂ' ಎನ್ನುವ ರೂಪಗಳು ಉತ್ತರದವರಿಗೆ ವಿಚಿತ್ರವೆನಿಸುತ್ತಿದ್ದವು. ಗಂಟಲಾಳದಿಂದ ಹೊರಡಬೇಕಾದ 'ಕ'ಕಾರ ಇಲ್ಲಿ 'ಖ' ಆಗುವುದರಿಂದ ಗೋರಿ ಎಂಬರ್ಥದ 'ಕಬ್ರ್'ಗೂ ಸುದ್ದಿ ಎಂಬರ್ಥದ 'ಖಬರ್'ಗೂ ಹೆಚ್ಚುಕಡಿಮೆ ಒಂದೇ ಉಚ್ಚಾರ. 'ಪರ್ಸೋಂ' ಎಂದರೆ ಉಳಿದವರಿಗೆ ಮೊನ್ನೆ. ಹೈದರಾಬಾದಿಯ ಪರ್ಸೋಂ ಹೋದ ವಾರವೂ ಆಗಬಹುದು, ಹೋದ ವರ್ಷವೂ ಆಗಬಹುದು. ಇಪ್ಪತ್ತನೆಯ ಶತಮಾನದ ಕವಿಗಳು ಈ ಕುಂದುಗಳನ್ನು ಮುಚ್ಚಿಡಲಿಲ್ಲ, ನಗಿಸುವ ಬಂಡವಾಳ ಮಾಡಿಕೊಂಡರು.

ಕವಿಗಳು

ಕವಿಗಳು ಇಟ್ಟುಕೊಂಡ ಕಾವ್ಯನಾಮಗಳಲ್ಲೇ ಈ ಧೋರಣೆ ಕಾಣುತ್ತದೆ. ನಜೀರ್ 'ದಹ್ಕಾನಿ' ಎಂದರೆ ಹಳ್ಳಿಗ, ಸರ್ವರ್ 'ಡಂಡಾ' ಎಂದರೆ ದೊಣ್ಣೆ, ಏಜಾಜ್ ಹುಸೇನ್ 'ಖಟ್ಟಾ' ಎಂದರೆ ಹುಳಿ, ಗೌಸ್ 'ಖಾಮಖಾ' ಎಂದರೆ ಸುಮ್ಮಸುಮ್ಮನೆ.

ಇವರ ಸಾಲಿನಲ್ಲಿ ಸುಲೇಮಾನ್ ಖತೀಬರದು ದೊಡ್ಡ ಹೆಸರು. ಬೀದರ್ ಜಿಲ್ಲೆಯ ಚಿಟಗುಪ್ಪದವರಾದ ಅವರು ಬದುಕಿದ್ದು ಕಲಬುರಗಿಯಲ್ಲಿ, 1978ರಲ್ಲಿ ತೀರಿಕೊಂಡರು. ಅವರ ಸಂಕಲನ 'ಕೇವಡೇ ಕಾ ಬನ್'. ಅತ್ತೆ ಸೊಸೆಯರ ಜಗಳ, ಸಂಬಳದ ದಿನ ಗಂಡಹೆಂಡಿರ ಕಿತ್ತಾಟ ಮುಂತಾದ ಮನೆವಾರ್ತೆಯೇ ಅವರ ವಸ್ತು. 'ಛೋರಾ ಛೋರಿ' ಕವನದಲ್ಲಿ ಗಂಡಿನ ಕಡೆಯವರ ಬಡಾಯಿಗೂ ವರದಕ್ಷಿಣೆಯ ಬೇಡಿಕೆಗೂ ಸಭೆ ಬಿದ್ದುಬಿದ್ದು ನಗುತ್ತದೆ. ಹೆಣ್ಣಿನ ಕಡೆಯವರ ಮಾತು ಬಂದಾಗ ನಗು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಒಂದೇ ಕವನ ಮಿಜಾಹ್‌ನಿಂದ ತಂಜ್‌ಗೆ ದಾಟುವುದಕ್ಕೆ ಇದು ಒಳ್ಳೆಯ ನಿದರ್ಶನ.

ಗದ್ಯ ಮತ್ತು ಸಂಸ್ಥೆಗಳು

ಉರ್ದು ಹಾಸ್ಯಪತ್ರಿಕೆಗಳಿಗೆ ದಾರಿ ಹಾಕಿದ್ದು 1877ರಲ್ಲಿ ಲಖನೌನಲ್ಲಿ ಆರಂಭವಾದ 'ಅವಧ್ ಪಂಚ್'. ಲಂಡನ್ನಿನ 'ಪಂಚ್' ಅದರ ಮಾದರಿ. ದಿಲ್ಲಿಯಿಂದ ಬಂದು ನಿಜಾಂ ಸರ್ಕಾರದ ನೌಕರಿಯಲ್ಲಿದ್ದ ಮಿರ್ಜಾ ಫರ್ಹತುಲ್ಲಾ ಬೇಗ್ ವ್ಯಕ್ತಿಚಿತ್ರಗಳಲ್ಲಿ ಮೆಲುಹಾಸ್ಯವನ್ನು ತಂದರು.

1949ರಲ್ಲಿ ಶುರುವಾದ 'ಸಿಯಾಸತ್' ದಿನಪತ್ರಿಕೆಯ 'ಶೀಶಾ-ಒ-ತೇಶಾ' ಅಂಕಣವನ್ನು ಕವಿ ಶಾಹಿದ್ ಸಿದ್ದೀಕಿ ಬರೆಯುತ್ತಿದ್ದರು. 1962ರಲ್ಲಿ ಅವರು ತೀರಿಕೊಂಡಾಗ ಅಂಕಣ ಮುಜ್ತಬಾ ಹುಸೇನರ (1936–2020) ಪಾಲಿಗೆ ಬಂತು. ಅದೇ ವರ್ಷ ಹಾಸ್ಯಪ್ರಿಯರ ಸಂಘಟನೆ 'ಜಿಂದಾ ದಿಲಾನ್-ಎ-ಹೈದರಾಬಾದ್' ಹುಟ್ಟಿತು. 1968ರಲ್ಲಿ ಮುಸ್ತಫಾ ಕಮಾಲ್ ಸಂಪಾದಕತ್ವದಲ್ಲಿ 'ಶಗೂಫಾ' ಎಂಬ ಹಾಸ್ಯ ಮಾಸಪತ್ರಿಕೆ ಹೊರಟಿತು. ಕನ್ನಡದಲ್ಲಿ ರಾಶಿಯವರ 'ಕೊರವಂಜಿ' (1942–67) ನಿಂತ ಮರುವರ್ಷವದು.

ಮುಜ್ತಬಾ ಹುಸೇನ್ ಗೆಳೆಯರ ಅನೇಕ ವ್ಯಕ್ತಿಚಿತ್ರ ಬರೆದು ಕೊನೆಗೆ ತಮ್ಮದನ್ನೂ ಬರೆದರು. 'ಅಪ್ನೀ ಯಾದ್ ಮೇಂ' ಎಂಬ ಆ ಲೇಖನದಲ್ಲಿ ತಾವು ಸತ್ತೇಹೋದೆವೆಂದು ಭಾವಿಸಿಕೊಂಡು ತಮಗೇ ಶ್ರದ್ಧಾಂಜಲಿ ಅರ್ಪಿಸಿಕೊಂಡಿದ್ದಾರೆ. 2007ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2019ರ ಡಿಸೆಂಬರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯನ್ನು ಪ್ರತಿಭಟಿಸಿ ಆ ಪ್ರಶಸ್ತಿಯನ್ನು ಹಿಂದಿರುಗಿಸುವುದಾಗಿ ಸಾರಿದರು.

ನಾಟಕ ಮತ್ತು ಸಿನಿಮಾ

1965ರಲ್ಲಿ ಬಬ್ಬನ್ ಖಾನ್ ಏಕವ್ಯಕ್ತಿ ನಾಟಕ 'ಅದ್ರಕ್ ಕೇ ಪಂಜೇ' ಆರಂಭಿಸಿದರು. ಸಂಬಳ ಸಾಲದ, ಮನೆತುಂಬ ಮಕ್ಕಳಿರುವ ಗುಮಾಸ್ತನ ಪಾಡು ಅದರ ಕಥೆ. ಸಾವಿರಾರು ಪ್ರದರ್ಶನ ಕಂಡು ಗಿನ್ನೆಸ್ ದಾಖಲೆ ಸೇರಿತು. ಅದೇ ವರ್ಷದ 'ಗುಮ್ನಾಮ್' ಚಿತ್ರದಲ್ಲಿ ಮೆಹಮೂದ್ ದಖನಿ ಮಾತಾಡುವ ಅಡಿಗೆಯವನಾಗಿ ನಗಿಸಿದರು. ಆದರೆ ಹಿಂದಿ ಸಿನಿಮಾಕ್ಕೆ ದಖನಿ ಬೇಕಿದ್ದದ್ದು ನಗಿಸುವ ಪಾತ್ರಕ್ಕಷ್ಟೇ.

2005ರ 'ದಿ ಅಂಗ್ರೇಜ್' ಈ ಲೆಕ್ಕವನ್ನು ತಿರುವಿಹಾಕಿತು. ಕುಂಟಾ ನಿಖಿಲ್ ನಿರ್ದೇಶಿಸಿದ ಈ ಚಿತ್ರದಲ್ಲಿ ಚಾರ್ಮಿನಾರ್ ಸುತ್ತ ಕಾಲಕಳೆಯುವ ಇಸ್ಮಾಯಿಲ್ ಭಾಯ್ ಬಳಗಕ್ಕೆ ವಿದೇಶದಿಂದ ಬಂದ ಸಾಫ್ಟ್‌ವೇರ್ ಹುಡುಗರೇ ಗೇಲಿಯ ಗುರಿ, 'ಅಂಗ್ರೇಜ್' ಎಂಬುದು ಅವರ ಮೇಲೆ ಹಾರಿಸಿದ ಫಬ್ತಿ. ಬಡಾಯಿಕೋರ ಸಲೀಂ ಫೇಕುವಿನಂಥ ಪಾತ್ರಗಳಿಂದ ಹಳೆಯೂರೂ ನಗೆಗೀಡಾಗುತ್ತದೆ. ಚಿತ್ರ ಗೆದ್ದ ಮೇಲೆ ಹೈದರಾಬಾದಿನಲ್ಲಿ ದಖನಿ ಹಾಸ್ಯಚಿತ್ರಗಳ ಸಾಲೇ ಬಂತು. ಅವುಗಳಲ್ಲಿ ಖತೀಬರ ತಂಜ್‌ಗಿಂತ ಬೀದಿಯ ಫಬ್ತಿಯದೇ ಮೇಲುಗೈ.